ಪದಚರ್ಚೆ: ಸೋಲಾರ್ ಕಂಟ್ರೋಲರ್‌ನ ‘ಗರಿಷ್ಠ’ಕ್ಕೆ ಎರಡು ಮಾತು ಬೇಕಲ್ವಾ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಆರ್‌ವಿ, ಅಂದರೆ ಮಲಗೋಕೆ, ಅಡುಗೆಗೆ ಎಲ್ಲ ಅನುಕೂಲ ಇರುವ ಗಾಡಿ ಇಟ್ಟುಕೊಂಡಿರುವ ಕನ್ನಡಿಗರಿಗಾಗಿ ನಾವು ಕೆಲವರು ಸೇರಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಗಾಡಿಯ ಮೇಲಿನ ಸೋಲಾರ್ ಪ್ಯಾನೆಲ್‌ಗಳಿಗೆ ಸರಿಹೊಂದುವ ಚಾರ್ಜ್ ಕಂಟ್ರೋಲರ್, ಅಂದರೆ ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದದಲ್ಲಿಡುವ ಉಪಕರಣ, ಅದನ್ನು ಆರಿಸುವುದು ಹೇಗೆ ಅನ್ನೋದು ವಿಷಯ. ಪ್ಯಾನೆಲ್, ಬ್ಯಾಟರಿ, ವೋಲ್ಟ್, ಆಂಪಿಯರ್ ಹಾಗೇ ಇರಲಿ ಅಂತ ಮೊದಲೇ ಒಪ್ಪಿಕೊಂಡೆವು. ಚಾರ್ಜ್‌ಗೆ ಪಠ್ಯಪುಸ್ತಕದಲ್ಲಿ ‘ಆವೇಶ’ ಅಂತಿದೆ, ಆದರೆ ‘ಆವೇಶ ನಿಯಂತ್ರಕ’ ಅಂದರೆ ಓದುವವರಿಗೆ ಬ್ಯಾಟರಿ ನೆನಪಾಗುವುದಿಲ್ಲ, ಸಿಟ್ಟು ನೆನಪಾಗುತ್ತದೆ. ಹಾಗಾಗಿ ಚಾರ್ಜ್ ಕಂಟ್ರೋಲರ್ ಅನ್ನುವುದೇ ಉಳಿಯಿತು.

ನನಗೆ ತೊಡಕಾಗಿರುವುದು ‘ಗರಿಷ್ಠ’ ಅನ್ನುವ ಪದ.

ವಿಕ್ಟ್ರಾನ್ ಕಂಪನಿಯ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಬಗೆಯದು) ಒಂದರ ಮೇಲೆ 75/15 ಅಂತ ಬರೆದಿರುತ್ತದೆ. ಪ್ಯಾನೆಲ್ ಕಡೆಯಿಂದ ಗರಿಷ್ಠ 75 ವೋಲ್ಟ್, ಬ್ಯಾಟರಿ ಕಡೆಗೆ ಗರಿಷ್ಠ 15 ಆಂಪಿಯರ್ ಅಂತ ಅದರ ಅರ್ಥ. ಎರಡಕ್ಕೂ ‘ಗರಿಷ್ಠ’ ಅಂತಲೇ ಬರೆದರೆ ಎರಡೂ ಒಂದೇ ಥರದ ಮಿತಿ ಅನ್ನಿಸುತ್ತದೆ. ಹಾಗಿಲ್ಲ. 75 ವೋಲ್ಟ್ ದಾಟಿದರೆ ಕಂಟ್ರೋಲರ್ ಸುಟ್ಟುಹೋಗಬಹುದು. 15 ಆಂಪಿಯರ್‌ಗಿಂತ ಜಾಸ್ತಿ ಕೊಡುವಷ್ಟು ಪ್ಯಾನೆಲ್ ಇದ್ದರೆ ಅದು ಸುಮ್ನೆ 15ಕ್ಕೇ ನಿಲ್ಲಿಸುತ್ತದೆ, ಉಳಿದದ್ದನ್ನು ತೆಗೆದುಕೊಳ್ಳುವುದಿಲ್ಲ, ಅಷ್ಟೇ.

ಇದು ಬರೀ ಪದದ ವಿಷಯ ಅಲ್ಲ, ದುಡ್ಡಿನ ವಿಷಯ. ನೋಡಿ, 100 ವ್ಯಾಟ್‌ನ ಪ್ಯಾನೆಲ್ ಹೆಸರಿಗೆ 12 ವೋಲ್ಟ್‌ದು. ಕೆಲಸ ಮಾಡುವಾಗ ಅದು ಸುಮಾರು 18 ವೋಲ್ಟ್ ಕೊಡುತ್ತದೆ, ಏನೂ ಜೋಡಿಸದೆ ಬಿಸಿಲಲ್ಲಿ ಇಟ್ಟರೆ 22.5 ವೋಲ್ಟ್‌ವರೆಗೂ ಹೋಗುತ್ತದೆ. ಅಂಥ ಮೂರನ್ನು ಸೀರೀಸ್‌ನಲ್ಲಿ, ಅಂದರೆ ವೋಲ್ಟೇಜ್ ಕೂಡುತ್ತಾ ಹೋಗುವಂತೆ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ 67.5 ವೋಲ್ಟ್. 75ರ ಒಳಗೇ ಇದೆಯಲ್ಲ ಅಂತ ಧೈರ್ಯ ಬರುತ್ತದೆ. ಆದರೆ ಲೇಬಲ್ ಮೇಲಿನ ಅಂಕಿ 25 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟದ್ದು, ಪ್ಯಾನೆಲ್ ತಣ್ಣಗಾದಂತೆ ಪ್ರತಿ ಡಿಗ್ರಿಗೆ ಸುಮಾರು 0.3 ಶೇಕಡಾ ವೋಲ್ಟೇಜ್ ಏರುತ್ತದೆ. ಕೊಲೊರಾಡೊ ಬೆಟ್ಟಗಳಲ್ಲಿ ಚಳಿಗಾಲದ ಬೆಳಗ್ಗೆ ಮೈನಸ್ 20 ಇದ್ದಾಗ ಬಿಸಿಲು ಬಿದ್ದರೆ ಅದೇ ಮೂರು ಪ್ಯಾನೆಲ್ 76 ವೋಲ್ಟ್ ದಾಟುತ್ತವೆ. ಅದೇ ನಾಲ್ಕು ಪ್ಯಾನೆಲ್ ತಗೊಂಡು ಎರಡೆರಡನ್ನು ಸೀರೀಸ್ ಮಾಡಿ ಆ ಎರಡು ಜೋಡಿಗಳನ್ನು ಪ್ಯಾರಲಲ್ (ವೋಲ್ಟೇಜ್ ಅಷ್ಟೇ ಇದ್ದು ಕರೆಂಟ್ ಮಾತ್ರ ಕೂಡುವ ಜೋಡಣೆ) ಮಾಡಿದರೆ ಎಂಥ ಚಳಿಯಲ್ಲೂ 55ರ ಆಚೆ ಹೋಗುವುದು ಕಷ್ಟ. ಮೂರು ಪ್ಯಾನೆಲ್ ಅಪಾಯ, ನಾಲ್ಕು ಕ್ಷೇಮ! ‘ಗರಿಷ್ಠ’ ಅಂತ ಎರಡು ಸಲ ಓದಿದವರಿಗೆ ಇದು ಹೇಗೆ ಹೊಳೆಯಬೇಕು?

ಅದಕ್ಕೇ ಕೇಳುತ್ತಿರುವುದು. ವೋಲ್ಟೇಜ್‌ಗೆ ‘ತಾಳುವ ವೋಲ್ಟೇಜ್’, ಕರೆಂಟಿಗೆ ‘ಕೊಡುವ ಆಂಪಿಯರ್’ ಅಂದರೆ ಹೇಗೆ? ಮಿತಿ ಯಾವ ಥರದ್ದು ಅಂತ ಕ್ರಿಯಾಪದವೇ ಹೇಳುತ್ತದೆ. ‘ತಾಳಿಕೆ ವೋಲ್ಟೇಜ್’ ಅಂತ ಇನ್ನೂ ಚಿಕ್ಕದು ಮಾಡಬಹುದು, ಆದರೆ ತಾಳಿಕೆ ಅಂದರೆ ಬಾಳಿಕೆ ಅಂತ ಕೆಲವರು ತಿಳಿಯಬಹುದೇನೋ ಅಂತ ಅನುಮಾನ. ಪಿಡಬ್ಲ್ಯೂಎಂ ಅನ್ನುವ ಇನ್ನೊಂದು, ಸರಳ ಬಗೆಯ ಕಂಟ್ರೋಲರ್‌ಗೆ ಮಾತ್ರ ‘ಕೊಡುವ’ ಒಪ್ಪುವುದಿಲ್ಲ. ಅಲ್ಲಿ ಪ್ಯಾನೆಲ್‌ನ ಕರೆಂಟ್ ನೇರವಾಗಿ ಬ್ಯಾಟರಿಗೆ ಹರಿಯುವುದರಿಂದ ಆಂಪಿಯರ್ ಕೂಡ ತಾಳಬೇಕಾದದ್ದೇ. ಹಾಗಾಗಿ ಅಲ್ಲಿ ಎರಡಕ್ಕೂ ‘ತಾಳುವ’ ಅಂತಲೇ ಬರೆಯುವುದು ಸರಿ ಅಂತ ನನಗನ್ನಿಸುತ್ತದೆ.

ಇನ್ನೆರಡು ಪದ. ಸೀರೀಸ್, ಪ್ಯಾರಲಲ್‌ಗೆ ಶಾಲೆಯಲ್ಲಿ ಕಲಿತದ್ದು ಸರಣಿ, ಸಮಾಂತರ. ಗುಂಪಿನಲ್ಲಿ ಒಬ್ಬರು ಸರಣಿಗೆ ‘ಸಾಲು ಜೋಡಣೆ’ ಇರಲಿ ಅಂದರು. ಕೇಳೋಕೆ ಚೆನ್ನಾಗಿದೆ, ಆದರೆ ಪ್ಯಾನೆಲ್‌ಗಳು ಗಾಡಿಯ ಮೇಲೆ ಹೇಗಿದ್ದರೂ ಸಾಲಾಗಿಯೇ ಕೂತಿರುತ್ತವೆ, ವೈರ್ ಪ್ಯಾರಲಲ್ ಆಗಿದ್ದರೂ. ಅದು ಬೇಡ ಅಂತ ನನ್ನ ಮತ.

ಇನ್ನೊಂದು ಶಾರ್ಟ್ ಸರ್ಕ್ಯೂಟ್ ಕರೆಂಟ್. ಪ್ರತಿ ಪ್ಯಾನೆಲ್‌ನ ಲೇಬಲ್ ಮೇಲೂ ಇದು ಇರುತ್ತದೆ, 100 ವ್ಯಾಟ್‌ನದಕ್ಕೆ ಸುಮಾರು 6 ಆಂಪಿಯರ್. ಎರಡು ತುದಿಗಳನ್ನು ನೇರ ಸೇರಿಸಿದರೆ ಹರಿಯುವ ಕರೆಂಟ್ ಅದು, ಅದರಿಂದ ಪ್ಯಾನೆಲ್‌ಗೆ ಏನೂ ಆಗುವುದಿಲ್ಲ. ಆದರೆ ನಮ್ಮ ಪತ್ರಿಕೆಗಳಲ್ಲಿ ಶಾರ್ಟ್ ಸರ್ಕ್ಯೂಟ್ ಅಂದರೆ ಬೆಂಕಿ ಅವಘಡ ಅಂತಲೇ ಅರ್ಥ ಆಗಿಬಿಟ್ಟಿದೆ. ‘ಹ್ರಸ್ವಮಂಡಲ’ ಅಂದರೆ ಯಾರಿಗೂ ಹೆದರಿಕೆ ಆಗುವುದಿಲ್ಲ, ಆದರೆ ಅರ್ಥವೂ ಆಗುವುದಿಲ್ಲ. ‘ತುದಿ ಸೇರಿಸಿದಾಗಿನ ಕರೆಂಟ್’, ಅದಕ್ಕೆ ಜೊತೆಯಾಗಿ ಓಪನ್ ಸರ್ಕ್ಯೂಟ್ ವೋಲ್ಟೇಜ್‌ಗೆ (ಏನೂ ಜೋಡಿಸದೆ ಇಟ್ಟಾಗ ಬರುವ, ಮೇಲೆ ಹೇಳಿದ 22.5 ವೋಲ್ಟ್) ‘ತುದಿ ಬಿಟ್ಟಾಗಿನ ವೋಲ್ಟೇಜ್’ ಅಂತ ಬರೆದು ನೋಡಿದೆ. ಉದ್ದ ಆಯಿತು, ನಿಜ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ? ಊರುಗಳಲ್ಲಿ ಮನೆಗೆ ಸೋಲಾರ್ ಹಾಕುವವರು, ವೈರಿಂಗ್ ಮಾಡುವವರು ಈ ಎರಡನ್ನು ಮಾತಲ್ಲಿ ಏನಂತಾರೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.