ಎದುರಾಳಿಯ ‘ರೇಂಜ್’ಗೆ ‘ಹರವು’ ಅನ್ನಬಹುದೇ?

ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಅಕ್ಕನ ಮಗ ಫೋನಿನಲ್ಲಿ ನೋ-ಲಿಮಿಟ್ ಪೋಕರ್ ಅನ್ನುವ ಇಸ್ಪೀಟಾಟ ಆಡುತ್ತಾನೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸುವ ಕೇಂದ್ರದ ಕಾಯ್ದೆ ಬಂದ ಮೇಲೆ ದುಡ್ಡಿನಾಟ ಬಿಟ್ಟು, ಪುಕ್ಕಟೆ ಬಿಲ್ಲೆಯಲ್ಲಿ (ಚಿಪ್ಸ್) ಮಾತ್ರ. ಆಡಿದ್ದನ್ನೆಲ್ಲ ರಾತ್ರಿ ಕೂತು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡುತ್ತಾನೆ, ನಾನು ತಿದ್ದಿಕೊಡುತ್ತೇನೆ. ಮೊನ್ನೆ ‘ರೇಂಜ್’ ಅನ್ನುವ ಪದ ಬಂದಲ್ಲಿ ಇಬ್ಬರೂ ನಿಂತುಬಿಟ್ಟೆವು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿಯೊಬ್ಬರ ಕೈಗೂ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಎದುರಿನವನ ಮುಖ ಕಾಣುವುದಿಲ್ಲ. ಎಷ್ಟು ಬಿಲ್ಲೆ ಮುಂದಿಟ್ಟ, ಎಷ್ಟು ಹೊತ್ತು ತಡೆದ, ಇಷ್ಟೇ ಕಾಣುವುದು. ಮಿತಿಯಿಲ್ಲದ ಆಟವಾದ್ದರಿಂದ ಯಾವ ಗಳಿಗೆಯಲ್ಲಾದರೂ ಇದ್ದಬದ್ದದ್ದನ್ನೆಲ್ಲ ಸುರಿದುಬಿಡಬಹುದು. ಹಾಗಾಗಿ ‘ಅವನ ಹತ್ತಿರ ಇಂಥದೇ ಜೋಡಿ ಇದೆ’ ಅಂತ ಪಟ್ಟು ಹಿಡಿಯುವವನು ಕೆಡುತ್ತಾನೆ. ‘ಹೀಗೆ ಆಡುವವನ ಕೈಯಲ್ಲಿ ಏನೇನು ಇರಬಹುದು’ ಅಂತ ಎಲ್ಲವನ್ನೂ ಒಟ್ಟಿಗೆ ಕಣ್ಣಮುಂದೆ ಇಟ್ಟುಕೊಳ್ಳಬೇಕು. 52 ಎಲೆಗಳಲ್ಲಿ 1,326 ಜೋಡಿ ಆಗುತ್ತವೆ. ಅದರಲ್ಲಿ ಅವನ ಕೈಯಲ್ಲಿ ಇರಬಹುದಾದಷ್ಟು ಭಾಗವೇ ರೇಂಜ್.

ಹುಡುಗ ‘ವ್ಯಾಪ್ತಿ’ ಅಂತ ಬರೆದಿದ್ದ. ನನಗೆ ಅದು ಪೊಲೀಸ್ ಠಾಣೆಯ ಸರಹದ್ದಿನ ಹಾಗೆ ಕೇಳುತ್ತದೆ. ‘ಶ್ರೇಣಿ’ ಅಂದರೆ ಮೇಲು ಕೆಳಗು ಬಂತು, ವೇತನ ಶ್ರೇಣಿ ನೆನಪಾಗುತ್ತದೆ. ಎರಡನ್ನೂ ಹೊಡೆದುಹಾಕಿದೆ.

ನನಗೆ ಹೊಳೆದದ್ದು ‘ಹರವು’. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಸುಗ್ಗಿಯಲ್ಲಿ ನಿಂತು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕಾಳು ಒಣಗಲಿ ಅಂತ ಹರವಿರುತ್ತಾರೆ. ಚೀಲ ಸುರಿದ ಜಾಗದಲ್ಲಿ ಮೊಣಕಾಲು ಮುಳುಗುವಷ್ಟು ದಪ್ಪ, ಅಂಚಿಗೆ ಬಂದಂತೆ ನೆಲ ಕಾಣುವಷ್ಟು ತೆಳು. ಎದುರಾಳಿಯ ಕೈಯೂ ಹಾಗೇ. ಕೆಲವು ಎಲೆಗಳು ಅವನಲ್ಲಿ ಇರುವ ಸಂಭವ ದಪ್ಪ, ಕೆಲವದು ತೆಳು. ‘ವ್ಯಾಪ್ತಿ’ಯಲ್ಲಿ ಈ ದಪ್ಪ-ತೆಳು ಇಲ್ಲ, ಅಲ್ಲಿ ಒಳಗೆ ಮತ್ತು ಹೊರಗೆ ಎರಡೇ.

‘ಹ್ಯಾಂಡ್’ ಬಗ್ಗೆ ಹೆಚ್ಚು ತಕರಾರಿಲ್ಲ. ಇಂಗ್ಲಿಷಿನವರು ಕೈಯಲ್ಲಿರುವ ಎರಡೆಲೆಗೂ, ಕೊನೆಗೆ ಕಟ್ಟುವ ಐದೆಲೆಗೂ, ಇಡೀ ಒಂದು ಆಟಕ್ಕೂ ಅದನ್ನೇ ಹೇಳುತ್ತಾರೆ. ನಮಗೆ ಎಲೆ, ಕಟ್ಟು, ಸುತ್ತು ಅಂತ ಮೂರು ಮಾತಿವೆ, ಬಳಸೋಣ. ಆಟ ಬಿಡುವುದಕ್ಕೆ ‘ಕೈ ಬಿಟ್ಟೆ’ ಅಂತ ಹುಡುಗನೇ ಬರೆದಿದ್ದ. ಅದನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ.

ಈಗ ನಿಜವಾದ ತೊಡಕು. ಆಟ ಸಾಗಿದಂತೆ ಹರವು ಕಿರಿದಾಗುತ್ತದಲ್ಲ, ಆ ಕ್ರಿಯೆಗೆ ಏನನ್ನಬೇಕು? ನೋಟ್‌ಬುಕ್ಕಿನ ಸುತ್ತನ್ನೇ ನೋಡಿ. ಎದುರಿನವನು ಮೊದಲೇ ಪಣವನ್ನು ಜೋರಾಗಿ ಏರಿಸಿದ್ದಾನೆ. ಎರಡು ಎಕ್ಕ ಬರುವ ದಾರಿ 6, ಎಕ್ಕ-ರಾಜ ಬರುವ ದಾರಿ 16. ಆದರೆ ನಮ್ಮ ಹುಡುಗನ ಕೈಯಲ್ಲೇ ಎರಡು ರಾಜ ಇದ್ದಾವೆ, ಆ 16 ಇಳಿದು 8 ಆಯಿತು. ನಡುವೆ ಒಂದು ಎಕ್ಕ ಬಿತ್ತು. ಈಗ ಎಕ್ಕದ ಜೋಡಿಗೆ 3, ಎಕ್ಕ-ರಾಜಕ್ಕೆ 6. ಎದುರಿನವನು ಮತ್ತೆ ಏರಿಸಿದಾಗ ರಾಣಿಯ ಜೋಡಿ, ಗುಲಾಮನ ಜೋಡಿ ಅಂಚಿಗೆ ಸರಿದವು. ಪೂರ್ತಿ ಹೋಗಲಿಲ್ಲ, ಅವನು ಹೆದರಿಸುತ್ತಲೂ ಇರಬಹುದು.

‘ಜರಡಿ ಹಿಡಿ’ ಅನ್ನಲು ನನಗೆ ಒಪ್ಪಿಗೆ ಇಲ್ಲ. ಜರಡಿಗೆ ಕಣ್ಣು ಒಂದೇ ಅಳತೆ, ಬಿದ್ದದ್ದು ಬಿತ್ತು, ಉಳಿದದ್ದು ಉಳಿಯಿತು. ‘ತೂರು’ ಅಂದರೆ ಗಾಳಿಯ ಕೆಲಸ, ಹೊಟ್ಟು ಒಂದೇ ಸಲಕ್ಕೆ ಹಾರಿಹೋಗುತ್ತದೆ. ‘ಕೇರು’ ಸರಿ ಅನಿಸುತ್ತದೆ. ಅವ್ವ ಮೊರ ಹಿಡಿದು ಕೇರುವಾಗ ಗಟ್ಟಿ ಕಾಳು ಹಿಂದಕ್ಕೆ, ಅವಳ ಕಡೆಗೆ ಸರಿಯುತ್ತಿತ್ತು. ಹಗುರಾದದ್ದು ಮೊರದ ತುದಿಗೆ ಹೋಗುತ್ತಿತ್ತು. ತುದಿಯಲ್ಲಿ ನಿಂತದ್ದನ್ನು ತಕ್ಷಣ ಚೆಲ್ಲುತ್ತಿರಲಿಲ್ಲ, ಇನ್ನೊಂದು ಸಲ ಕೊಡವಿ ನೋಡುತ್ತಿದ್ದಳು. ಪ್ರತಿ ಏರಿಕೆಯೂ ಅಂಥ ಒಂದು ಕೊಡವು. ಹಾಗಾಗಿ ‘ಎದುರಾಳಿಯ ಹರವು ಕೇರಿದೆ’ ಅಂತ ಬರೆಸಿದ್ದೇನೆ. ಕಿವಿಗೆ ಒಗ್ಗುತ್ತದೆಯೇ, ಹೇಳಿ.

ಇನ್ನೊಂದು ಕೇಳುವುದಿದೆ. ಮೊರದ ತುದಿಯಲ್ಲಿ ನಿಲ್ಲುವ ಆ ಅರೆಬರೆ ಕಾಳಿಗೆ ನಮ್ಮ ಮನೆಯಲ್ಲಿ ‘ಅರೆಜೊಳ್ಳು’ ಅನ್ನುತ್ತಿದ್ದರು. ಚಳ್ಳಕೆರೆ, ಹೊಸದುರ್ಗದ ಕಡೆ ಕಾಳು ಕೇರುವ ಮನೆಗಳಲ್ಲಿ ಅದಕ್ಕೆ ಬೇರೆ ಹೆಸರು ಇದೆಯೇ? ಇದ್ದರೆ ರಾಣಿಯ ಜೋಡಿಗೆ ಅದನ್ನೇ ಬರೆದುಕೊಳ್ಳುತ್ತೇವೆ.