ಪದಚರ್ಚೆ: ‘ಫೀಡ್‌ಬ್ಯಾಕ್’ – ಹಿಮ್ಮಾಹಿತಿಯೋ, ಷರಾವೋ, ತಿದ್ದುಮಾತೋ?

ಮಾನ್ಯರೇ,

ನಾನು ಕೊಡಗಿನ ಪೊನ್ನಂಪೇಟೆಯ ಸಮೀಪದ ಮನೆಯಲ್ಲಿದ್ದುಕೊಂಡೇ ಪ್ರೌಢಶಾಲೆಯ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಅದರ ಬೆನ್ನಿಗೇ ಹೋಗುವ ಊರಿದು. ಹೀಗಾಗಿ ಮಕ್ಕಳೊಡನೆ ನನ್ನ ವ್ಯವಹಾರ ಮಾತಿಗಿಂತ ಬರಹದಲ್ಲಿಯೇ ಹೆಚ್ಚು. ಸಂದೇಶಗಳು ಒಂದರ ಮೇಲೊಂದು ಬಿದ್ದು ಕಳೆದುಹೋಗದಿರಲೆಂದು ಪ್ರತಿಯೊಂದರ ನೆತ್ತಿಯ ಮೇಲೂ ಒಂದೊಂದು ಪದ ಬರೆಯುವ ಪದ್ಧತಿ ಇಟ್ಟುಕೊಂಡಿದ್ದೇನೆ. ಎಲ್ಲರಿಗೂ ಹೋಗುವುದು ‘ಪ್ರಕಟಣೆ’, ಮಕ್ಕಳು ಕೇಳುವುದು ‘ಸಂದೇಹ’, ಅವರು ಬರೆದು ಕಳಿಸಬೇಕಾದುದು ‘ಹೋಂವರ್ಕ್’. (‘ಮನೆಗೆಲಸ’ ಎಂದು ಬರೆದು ನೋಡಿದ್ದೆ, ಪಾತ್ರೆ ತೊಳೆಯಬೇಕೇ ಎಂದು ಮಕ್ಕಳು ನಕ್ಕರು.) ನಾಲ್ಕನೆಯದಕ್ಕೆ, ಅಂದರೆ ಅವರ ಬರಹವನ್ನು ಓದಿ ನಾನು ಬರೆಯುವ ಮಾತಿಗೆ, ಸರಿಯಾದ ಹೆಸರು ಇನ್ನೂ ಸಿಕ್ಕಿಲ್ಲ.

ಶಿಕ್ಷಕರ ತರಬೇತಿಯ ಪುಸ್ತಕಗಳಲ್ಲಿ ಇದಕ್ಕೆ ‘ಹಿಮ್ಮಾಹಿತಿ’ ಎಂಬ ಪದವಿದೆ. ಆದರೆ ನಾನು ಬರೆಯುವುದು ಮಾಹಿತಿಯಲ್ಲ. ವಿದ್ಯಾರ್ಥಿನಿಯೊಬ್ಬಳು ‘ಮಳೆ ಬಂದು ನಾವು ತೋಟಕ್ಕೆ ಹೋದೆವು’ ಎಂದು ಬರೆದಿದ್ದಳು. ಅದರ ಪಕ್ಕದಲ್ಲಿ ನಾನು, ‘ಬಂದದ್ದು ಮಳೆ, ಹೋದದ್ದು ನೀವು, ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಬೇಡ, ಮಳೆ ನಿಂತ ಮೇಲೆ ಹೋದಿರೋ, ಸುರಿಯುತ್ತಿರುವಾಗಲೇ ಹೋದಿರೋ, ಅದು ತಿಳಿಯುವಂತೆ ಇನ್ನೊಮ್ಮೆ ಬರೆ’ ಎಂದು ಬರೆದೆ. ಇದನ್ನು ಹಿಮ್ಮಾಹಿತಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ‘ಪ್ರತಿಕ್ರಿಯೆ’ ಎನ್ನೋಣವೆಂದರೆ ಅದು ಸಿನಿಮಾಕ್ಕೂ ಬಜೆಟ್ಟಿಗೂ ಸಲ್ಲುವ ಪದ.

‘ಷರಾ’ ಒಂದು ಕಾಲಕ್ಕೆ ಹೊಂದುತ್ತಿತ್ತೇನೋ. ಅರಬ್ಬಿಯ ಮೂಲದಲ್ಲಿ ಅದರ ಅರ್ಥ ವಿವರಣೆ ಎಂದೇ. ಆದರೆ ಕಚೇರಿಯ ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ಬಹಳ ವರ್ಷ ಕುಳಿತ ಮೇಲೆ ಅದು ವಿವರಿಸುವುದನ್ನು ಬಿಟ್ಟು ತೀರ್ಪು ಕೊಡುವುದನ್ನು ಕಲಿತಿದೆ.

ಅಂಕದ ಕಡೆಯ ತೊಡಕು ಬೇರೆ. ಕೊಡಗಿನಲ್ಲಿ ‘ಗ್ರೇಡ್’ ಎಂದರೆ ಮೊದಲು ನೆನಪಾಗುವುದು ಕಾಫಿ. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ಜರಡಿಗೆ ಹಾಕಿ ಗಾತ್ರದ ಮೇಲೆ ಡಬಲ್ ಎ, ಎ, ಬಿ ಎಂದು ಬೇರ್ಪಡಿಸುತ್ತಾರೆ, ಉರುಟು ಬೀಜ ಪೀಬರಿಯನ್ನು ಪ್ರತ್ಯೇಕಿಸುತ್ತಾರೆ. ಜರಡಿಯಿಂದ ಇಳಿದ ಬೀಜ ನಾಳೆ ದೊಡ್ಡದಾಗುವುದಿಲ್ಲ. ಮಗುವಿನ ಪ್ರಬಂಧ ಎರಡನೆಯ ಸಲಕ್ಕೆ ಆಗುತ್ತದೆ. ಆದ್ದರಿಂದ ಅಂಕವನ್ನೂ ಈ ಮಾತನ್ನೂ ‘ಮೌಲ್ಯಮಾಪನ’ ಎಂಬ ಒಂದೇ ಚೀಲಕ್ಕೆ ತುಂಬುವುದು ನನಗೆ ಒಪ್ಪಿತವಲ್ಲ. ನಮ್ಮ ಶಾಲೆಗಳಲ್ಲಿ ರೂಪಣಾತ್ಮಕ (ಕಲಿಕೆಯ ನಡುನಡುವೆ ನಡೆಯುವುದು), ಸಂಕಲನಾತ್ಮಕ (ಕಲಿತು ಮುಗಿದ ಮೇಲೆ ನಡೆಯುವುದು) ಎಂದು ಪರೀಕ್ಷೆಗಳನ್ನು ವಿಂಗಡಿಸಿದ್ದಾರೆ ನಿಜ, ಆದರೆ ಪುಸ್ತಕದ ಅಂಚಿನಲ್ಲಿ ಬರೆಯುವ ಮಾತಿಗೆ ಅಲ್ಲಿಯೂ ಹೆಸರಿಲ್ಲ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕಳೆದ ತಿಂಗಳು ಕಂಡೆ. ಗೂಗಲ್ ಕ್ಲಾಸ್‌ರೂಮಿನಲ್ಲಿ ಶಿಕ್ಷಕರು ‘ರಿಟರ್ನ್’ ಒತ್ತುವವರೆಗೆ ಅಂಕ ವಿದ್ಯಾರ್ಥಿಗೆ ಕಾಣುವುದಿಲ್ಲ. ನಾನು ಒತ್ತಿ, ‘ನಿಮ್ಮ ಪ್ರಬಂಧಗಳನ್ನು ಹಿಂತಿರುಗಿಸಿದ್ದೇನೆ’ ಎಂದು ಪ್ರಕಟಣೆ ಹಾಕಿದೆ. ಸಂಜೆ ಒಬ್ಬ ತಾಯಿ ಫೋನ್ ಮಾಡಿ, ‘ಟೀಚರೇ, ಮಗನ ಪ್ರಬಂಧ ವಾಪಸ್ ಬಂತಂತೆ, ಅಷ್ಟು ಕೆಟ್ಟದಾಗಿ ಬರೆದಿದ್ದಾನಾ?’ ಎಂದು ಕೇಳಿದರು. ಅವನಿಗೆ ಇಪ್ಪತ್ತಕ್ಕೆ ಹದಿನೇಳು ಬಂದಿತ್ತು. ಸರಕು ವಾಪಸ್ ಬರುವುದೆಂದರೆ ತಿರಸ್ಕಾರವೆಂದೇ ತಿಳಿದವರಿಗೆ ನನ್ನ ವಾಕ್ಯ ಬೇರೆ ಏನು ಹೇಳೀತು? ಈಗ ‘ನೋಡಿ ಕೊಟ್ಟಿದ್ದೇನೆ’ ಎಂದು ಬರೆಯುತ್ತೇನೆ.

ನನ್ನ ಒಲವು ‘ತಿದ್ದು’ ಎಂಬ ಧಾತುವಿನ ಕಡೆಗಿದೆ. ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತದೆ, ಉಪಾಧ್ಯಾಯರು ಅದೇ ಮಗುವಿನ ಪುಸ್ತಕ ತಿದ್ದುತ್ತಾರೆ. ಕಲಿಯುವವರ ಕೈಗೂ ಕಲಿಸುವವರ ಕೈಗೂ ಒಂದೇ ಕ್ರಿಯಾಪದವಿರುವುದು ಸಣ್ಣ ಅನುಕೂಲವಲ್ಲ. ‘ತಿದ್ದುಪಡಿ’ಯನ್ನು ವಿಧಾನಸಭೆಯೂ ತಾಲ್ಲೂಕು ಕಚೇರಿಯೂ ಎಂದೋ ತೆಗೆದುಕೊಂಡಿರುವುದರಿಂದ ಸದ್ಯಕ್ಕೆ ‘ತಿದ್ದುಮಾತು’ ಎಂದು ಬರೆಯುತ್ತಿದ್ದೇನೆ. ನನ್ನ ಮಕ್ಕಳಲ್ಲಿ ಹಲವರ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ. ಅವರಾರೂ ಈ ಪದದ ಅರ್ಥ ಕೇಳಲಿಲ್ಲ.

ಆದರೂ ಒಂದು ಕೊರತೆ ಕಾಣುತ್ತದೆ. ತಿದ್ದುವುದಕ್ಕೆ ಏನೂ ಇಲ್ಲದಷ್ಟು ಚೆನ್ನಾಗಿ ಬರೆದವರಿಗೆ ನಾಲ್ಕು ಸಾಲು ಮೆಚ್ಚುಗೆ ಬರೆದಾಗ ಅದನ್ನೂ ‘ತಿದ್ದುಮಾತು’ ಎನ್ನಬಹುದೇ? ಮೆಚ್ಚುಗೆಯನ್ನೂ ತಿದ್ದುವಿಕೆಯನ್ನೂ ಒಟ್ಟಿಗೆ ಹಿಡಿಯುವ ಪದ ಹಳೆಯ ಉಪಾಧ್ಯಾಯರ ಬಳಕೆಯಲ್ಲಿ ಇದ್ದುದನ್ನು ತಾವು ಯಾರಾದರೂ ಕೇಳಿದ್ದರೆ, ಯಾವ ಕಡೆಯ ಬಳಕೆ ಎಂಬುದರೊಂದಿಗೆ ದಯವಿಟ್ಟು ತಿಳಿಸಬೇಕು.