ಹಾರುವ ಹಕ್ಕಿಯ ಫೋಟೋಗೆ ಯಾವ ಸೆಟ್ಟಿಂಗ್? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನ್ನದು 70-300 ಎಂಎಂ ಲೆನ್ಸ್. ಕೂತ ಹಕ್ಕಿ ಚೆನ್ನಾಗಿ ಬರುತ್ತದೆ. ಬೆಳ್ಳಕ್ಕಿ ಹಾರಿದರೆ ರೆಕ್ಕೆ ಮಸುಕು, ಮೈಯಲ್ಲಿ ಒಂದು ಗರಿಯೂ ಕಾಣದಷ್ಟು ಬಿಳಿ. ಶಟರ್ 1/500 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಹೊಸ ಲೆನ್ಸ್ ಸದ್ಯಕ್ಕೆ ಆಗುವುದಿಲ್ಲ.

ಭುಜನೋವು: ಲೆನ್ಸ್ ಆಗುವುದಿಲ್ಲ ಅಂದರೆ ಹೇಗೆ ಸ್ವಾಮಿ? ನಾನು ಇದ್ದಬದ್ದ ಲೆನ್ಸ್, ಫ್ಲಾಶ್ ಎಲ್ಲ ಮಾರಿ 600 ಎಂಎಂ ಎಫ್ 4 (ಎಫ್ ಅಂದರೆ ಲೆನ್ಸ್ ಬಾಯಿ ಎಷ್ಟು ತೆರೆದಿದೆ ಅನ್ನುವ ಅಂಕಿ) ತಗೊಂಡೆ. ಅದಕ್ಕೆ ಗಿಂಬಲ್ ಹೆಡ್ (ಟ್ರೈಪಾಡ್ ಮೇಲೆ ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸುವ ಹಿಡಿಕೆ) ಬೇಕಾಯಿತು, ಹೆಡ್ಡಿಗೆ ಗಟ್ಟಿ ಟ್ರೈಪಾಡ್, ಎಲ್ಲ ಹೊರಲು ದೊಡ್ಡ ಬ್ಯಾಗ್, ಬ್ಯಾಗ್ ಹೊತ್ತು ಭುಜ ಹಿಡಿದ ಮೇಲೆ ಫಿಸಿಯೋಥೆರಪಿ. ಮಳೆಗಾಲದಲ್ಲಿ ಒಳಗೆ ಫಂಗಸ್ ಬಂತು. ರಿಪೇರಿಗೆ ಕೊಟ್ಟರೆ ಫೋಕಸ್ ರಿಂಗ್ ಬಿಗಿಯಾಗಿ ವಾಪಸ್ ಬಂತು. ಆದರೂ ಹಿನ್ನೆಲೆ ಕರಗುವ ಚೆಂದ ಬೇರೆಯೇ. 1/3200 ಇಡಿ.

ಹಳೇ ಡಿಎಸ್‌ಎಲ್‌ಆರ್: ತಲೆ ಮೇಲೆ ಹಾದುಹೋಗುವ ಹದ್ದನ್ನು ಗಿಂಬಲ್‌ನಲ್ಲಿ ಹಿಡಿದು ತೋರಿಸಿ, ನೋಡೋಣ. ನಾನು 400 ಎಫ್ 5.6 ಕೈಯಲ್ಲೇ ಹಿಡಿಯುತ್ತೇನೆ. ಫೋಕಸ್ ಕೆಲಸ ಕ್ಯಾಮೆರಾ ಹಿಂಬದಿಯ ಬಟನ್‌ಗೆ, ಲಿಮಿಟರ್ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್) ಆನ್. ಲಿಮಿಟರ್ ಇಲ್ಲದಿದ್ದರೆ ಒಮ್ಮೆ ತಪ್ಪಿದ ಫೋಕಸ್ ಹತ್ತಿರಕ್ಕೂ ದೂರಕ್ಕೂ ಓಡಾಡಿ ಬರುವಷ್ಟರಲ್ಲಿ ಹಕ್ಕಿ ಕೆರೆಯ ಆಚೆ ದಡದಲ್ಲಿರುತ್ತದೆ.

ಕವಲುತೋಕೆ: ಈಗಲೂ ಬಟನ್ ಒತ್ತುವ ಕಾಲವಾ? ನನ್ನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಹಕ್ಕಿಯ ಕಣ್ಣನ್ನೇ ಹುಡುಕಿ ಫೋಕಸ್ ಹಿಡಿಯುತ್ತದೆ. ತೊಂದರೆ ಇಲ್ಲ ಅನ್ನುತ್ತಿಲ್ಲ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ 1/4000 ಇದ್ದರೂ ರೆಕ್ಕೆ ಸೊಟ್ಟಗೆ ಬಂತು, ಮೆಕ್ಯಾನಿಕಲ್‌ಗೆ ಬಂದೆ. ಆಮೇಲೆ ಬಫರ್ ಕಾಟ, ಅಂದರೆ ಫೋಟೋ ಕಾರ್ಡಿಗೆ ಹೋಗುವ ಮೊದಲು ನಿಲ್ಲುವ ಮೆಮೊರಿ ತುಂಬುವುದು. ಮೀನು ಕೊಕ್ಕಿಗೆ ಸಿಗುವ ಹೊತ್ತಿಗೇ ಸರಿಯಾಗಿ ಕ್ಯಾಮೆರಾ ತಡವರಿಸಿ ನಿಲ್ಲುತ್ತದೆ. ವೇಗದ ಕಾರ್ಡ್ ತಗೊಂಡೆ, ಇನ್ನೊಂದು ಬ್ಯಾಟರಿ, ಮತ್ತೊಂದು ಹಾರ್ಡ್ ಡಿಸ್ಕ್. ರಾತ್ರಿಯೆಲ್ಲ ಅಳಿಸುವುದೇ ಕೆಲಸ.

ಹಳೇ ಡಿಎಸ್‌ಎಲ್‌ಆರ್: ಕಣ್ಣು ಹುಡುಕುವುದು ಕ್ಯಾಮೆರಾ, ಆರಿಸುವುದು ಡಿಲೀಟ್ ಬಟನ್. ಹೆಸರು ಮಾತ್ರ ನಿಮ್ಮದು!

ಕವಲುತೋಕೆ: ಹೊಟ್ಟೆಕಿಚ್ಚಿಗೆ ಸೆಟ್ಟಿಂಗ್ ಇಲ್ಲ ಸಾರ್.

ಮಿಂಚುಳ್ಳಿ: ಜಗಳ ಆಮೇಲೆ ಆಡಿ. ಬಿಳಿ ಹಕ್ಕಿಗೆ ಆಟೋ ಐಎಸ್ಒ ನಂಬಬೇಡಿ. ಆಕಾಶದಿಂದ ಕಪ್ಪು ಮರಗಳ ಮುಂದೆ ಬಂದರೆ ಬೆಳಕು ಅಳೆಯುವ ಮೀಟರ್ ಕತ್ತಲೆ ಅಂದುಕೊಂಡು ಐಎಸ್ಒ ಏರಿಸುತ್ತದೆ, ಗರಿ ಸುಟ್ಟುಹೋಗುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಅದೇ ಇರುತ್ತದಲ್ವಾ? ನಾನು ಪೂರ್ತಿ ಮ್ಯಾನುಯಲ್, ಎಳೆ ಬಿಸಿಲಿಗೆ: 1/2500, ಎಫ್ 6.3, ಐಎಸ್ಒ 800. ಮೋಡ ಬಂದರೆ ಬದಲಿಸುತ್ತೇನೆ.

ಭುಜನೋವು: ಮೋಡ ನಿಮ್ಮನ್ನು ಕೇಳಿ ಬರುತ್ತದಾ? ಆಟೋ ಇಟ್ಟು ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋ ಎಷ್ಟು ಬೆಳ್ಳಗಿರಬೇಕು ಅನ್ನುವ ಹೊಂದಾಣಿಕೆ) ಇಳಿಸಿದರೆ ಸಾಕು.

ಮಿಂಚುಳ್ಳಿ: ಹಾಗೆ ಇಳಿಸಿದ್ದನ್ನೇ ಆಕಾಶದ ಎದುರೂ ಬಿಟ್ಟರೆ ಬೆಳ್ಳಕ್ಕಿ ಬೂದಿ ಬಣ್ಣ. ಅದನ್ನು ಸಾಫ್ಟ್‌ವೇರ್‌ನಲ್ಲಿ ಎತ್ತಿ ನಾಯ್ಸ್ (ಕಾಳು ಕಾಳು ಚುಕ್ಕೆ) ಒರೆಸುತ್ತಾ ಕೂರಿ.

ಭುಜನೋವು: ಬೆಳ್ಳಕ್ಕಿ ಹಾರಲಿ ಅಂತ ಕಲ್ಲು ಎಸೆಯುವ ಗುಂಪಿನವರಿಂದ ಪಾಠ ಬೇಡ.

ಮಿಂಚುಳ್ಳಿ: ಕಲ್ಲು ಎಸೆದದ್ದು ನಾನಲ್ಲ, ಬೈದವನು ನಾನು. ಕಲ್ಲು ಯಾಕೆ ಬೇಕು? ಗಾಳಿ ಬೆನ್ನಿಗೆ ಬರುವ ಹಾಗೆ ಕೂತು ಕಾಯಿರಿ. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುವುದು, ಮುಖ ನಿಮ್ಮ ಕಡೆಗೇ ಸಿಗುತ್ತದೆ.

ಭುಜನೋವು: ಕಾಯಬಹುದು. ಸೊಂಟ ಕೇಳಬೇಕಲ್ಲ.